ತುಕ್ಕಿಗೂ ಒಂದು ಚೆಲುವಿದೆ, ಅದಕ್ಕೊಂದು ವಿಳಾಸವೂ ಬೇಕು

ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆಳದ ಸುರಂಗಗಳಿಗೆ ಕಾರ್ಮಿಕರನ್ನು ಇಳಿಸಿ, ಅದಿರನ್ನು ಮೇಲಕ್ಕೆತ್ತುತ್ತಿದ್ದ ಉಕ್ಕಿನ ಗೋಪುರಗಳು ಅಂದಿನಿಂದ ಬಿಸಿಲು ಮಳೆಗೆ ಮೈಯೊಡ್ಡಿ ತುಕ್ಕು ಹಿಡಿಯತೊಡಗಿದವು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅವುಗಳ ಕಡೆಗೆ ಕಣ್ಣೆತ್ತಿ ನೋಡದಿದ್ದವರೂ ಈಗ ಕ್ಯಾಮೆರಾ ಹಿಡಿದು ಅಲ್ಲಿಗೆ ಹೋಗುತ್ತಿದ್ದಾರೆ. ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್ ದೂರದ ಈ ಊರಿನ ಗೋಪುರಗಳು, ಸಯನೈಡ್ ದಿಬ್ಬಗಳು ಹಾಗೂ ಪಾಳುಬಿದ್ದ ಬಂಗಲೆಗಳು ಹವ್ಯಾಸಿ ಛಾಯಾಗ್ರಾಹಕರ ಅಚ್ಚುಮೆಚ್ಚಿನ ವಸ್ತುಗಳಾಗಿವೆ.

ಕೆಟ್ಟುಹೋದದ್ದು ಕಣ್ಣಿಗೆ ಚೆಂದ ಕಾಣುವುದೇಕೆ? ಮನೆಯ ಗೇಟಿಗೆ ತುಕ್ಕು ಹಿಡಿದರೆ ಕೂಡಲೇ ಬಣ್ಣ ಬಳಿಸುವ ನಾವು, ಅದೇ ತುಕ್ಕನ್ನು ಚೌಕಟ್ಟಿನಲ್ಲಿ ಕಂಡಾಗ ಮೆಚ್ಚಿ ನೋಡುತ್ತೇವೆ. ಈ ವಿರೋಧಾಭಾಸಕ್ಕೆ ಸ್ವಲ್ಪ ರಸಾಯನಶಾಸ್ತ್ರ, ಸ್ವಲ್ಪ ಬೆಳಕಿನ ಗುಣ, ಸ್ವಲ್ಪ ಇತಿಹಾಸ ಕಾರಣ. ಇವುಗಳ ಜತೆಗೆ ಒಂದು ಹೊಣೆಗಾರಿಕೆಯೂ ಇದೆ ಎಂಬುದು ಗಮನಾರ್ಹ.

ಬಣ್ಣ ಬರುವುದು ಎಲ್ಲಿಂದ?

ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ತಗುಲಿದಾಗ ತುಕ್ಕು ಹುಟ್ಟುತ್ತದೆ. ಗಾಳಿಯಲ್ಲಿ ಉಪ್ಪಿನ ಅಂಶವಿದ್ದರೆ ಈ ಕ್ರಿಯೆ ಇನ್ನಷ್ಟು ಚುರುಕಾಗುತ್ತದೆ. ಮಂಗಳೂರು, ಕಾರವಾರಗಳ ಕಡಲತೀರದಲ್ಲಿ ಕಬ್ಬಿಣ ಬೇಗ ಸವೆಯುವುದೂ, ಬಯಲುಸೀಮೆಯಲ್ಲಿ ಅದೇ ಕಬ್ಬಿಣ ಹೆಚ್ಚು ಕಾಲ ಬಾಳುವುದೂ ಇದೇ ಕಾರಣದಿಂದ. ತುಕ್ಕು ಎಂಬುದು ಒಂದೇ ವಸ್ತುವಲ್ಲ. ನೀರಿನಂಶ ಸೇರಿದ ಆಕ್ಸೈಡುಗಳು ಹಳದಿ ಮಿಶ್ರಿತ ಕಂದು ಬಣ್ಣ ತಾಳುತ್ತವೆ. ನೀರಿನಂಶವಿಲ್ಲದ ಆಕ್ಸೈಡು ಇಟ್ಟಿಗೆಯಂತೆ ಕೆಂಪಗಿರುತ್ತದೆ. ಆಮ್ಲಜನಕ ಕಡಿಮೆ ಇರುವ ಒಳಪದರಗಳಲ್ಲಿ ಕಪ್ಪು ಛಾಯೆ ಕಾಣಿಸುತ್ತದೆ. ಒಂದೇ ತಗಡಿನ ಮೇಲೆ ಅರಿಶಿನ, ಕಾವಿ, ಕಾಡಿಗೆ ಬಣ್ಣಗಳು ಒಟ್ಟಿಗೆ ಹರಡಿಕೊಳ್ಳುವುದು ಹೀಗೆ.

ತಾಮ್ರದ ಮೇಲೆ ಕಾಲಾಂತರದಲ್ಲಿ ಕೂಡುವ ಹಸಿರು ಪೊರೆ ಒಳಗಿನ ಲೋಹವನ್ನು ಕಾಪಾಡುತ್ತದೆ. ಕಬ್ಬಿಣಕ್ಕೆ ಆ ಭಾಗ್ಯವಿಲ್ಲ. ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಹಕ್ಕಳೆಯಂತೆ ಎದ್ದು ಉದುರುತ್ತದೆ. ಅದರಡಿಯ ಹೊಸ ಲೋಹ ಮತ್ತೆ ಗಾಳಿಗೆ ತೆರೆದುಕೊಳ್ಳುತ್ತದೆ. ಛಾಯಾಗ್ರಾಹಕನಿಗೆ ಸೊಗಸಾಗಿ ಕಾಣುವ ಈ ಹಕ್ಕಳೆಯೇ ಎಂಜಿನಿಯರ್‌ಗೆ ಅಪಾಯದ ಸೂಚನೆ.

ಮಾಸುವಿಕೆಗೂ ತನ್ನದೇ ಆದ ಕ್ರಮವಿದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಬಣ್ಣದ ಅಣುಗಳನ್ನು ಒಡೆಯುತ್ತವೆ. ಅಚ್ಚಿನ ಶಾಯಿಗಳಲ್ಲಿ ಸಾಮಾನ್ಯವಾಗಿ ಕೆಂಪು ಮತ್ತು ಹಳದಿ ಮೊದಲು ಸೋಲುತ್ತವೆ, ನೀಲಿ ಕೊನೆಯವರೆಗೆ ನಿಲ್ಲುತ್ತದೆ. ಗೋಡೆಗೆ ಅಂಟಿಸಿದ ಹಳೆಯ ಸಿನಿಮಾ ಪೋಸ್ಟರುಗಳಲ್ಲಿ ನಾಯಕ, ನಾಯಕಿ, ಖಳನಾಯಕರೆಲ್ಲರೂ ಕ್ರಮೇಣ ನೀಲಿ ಮೈಯವರಾಗುವುದನ್ನು ಓದುಗರು ಕಂಡಿರಬಹುದು. ಬಣ್ಣ ಕಾಣದ ಮರ ಬೂದು ಬಣ್ಣಕ್ಕೆ ತಿರುಗುವುದೂ ಬಿಸಿಲಿನ ಕೈವಾಡವೇ.

ಇನ್ನು ಬೆಳಕಿನ ಮಾತು. ಕಾರ್ಖಾನೆಯಿಂದ ಹೊಸದಾಗಿ ಬಂದ ತಗಡು ಎಲ್ಲೆಡೆ ಒಂದೇ ರೀತಿ ಇರುತ್ತದೆ. ಕಣ್ಣಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಹಳೆಯ ತಗಡಿನಲ್ಲಿ ಒಂದು ಅಂಗುಲ ಇದ್ದಂತೆ ಇನ್ನೊಂದು ಇರುವುದಿಲ್ಲ. ಬೆಳಗಿನ ಎಳೆಬಿಸಿಲು ಅಥವಾ ಸಂಜೆಯ ಇಳಿಬಿಸಿಲು ಪಕ್ಕದಿಂದ ಬಿದ್ದಾಗ ಪ್ರತಿ ಉಬ್ಬು, ಪ್ರತಿ ತಗ್ಗು ತನ್ನದೇ ನೆರಳು ಪಡೆಯುತ್ತದೆ. ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಅದೇ ಮೇಲ್ಮೈ ಸಪ್ಪೆಯಾಗಿ ಕಾಣುತ್ತದೆ. ಮಳೆ ನಿಂತ ಕೂಡಲೇ ತೆಗೆದರೆ ಒದ್ದೆಯಾದ ತುಕ್ಕಿನ ಬಣ್ಣ ಇನ್ನಷ್ಟು ಗಾಢವಾಗುತ್ತದೆ.

ಹಂಪಿಯಲ್ಲಿ 1856ರ ಕ್ಯಾಮೆರಾ

ಹಾಳಾದುದರ ಚಿತ್ರ ತೆಗೆಯುವುದು ಇತ್ತೀಚಿನ ಶೋಕಿ ಎಂದು ಭಾವಿಸಬೇಕಾಗಿಲ್ಲ. ಛಾಯಾಗ್ರಹಣ ಕಲೆ ಇನ್ನೂ ಎಳೆಯದಾಗಿದ್ದಾಗಲೇ ಅದು ಕರ್ನಾಟಕದ ಅವಶೇಷಗಳ ಮುಂದೆ ಬಂದು ನಿಂತಿತ್ತು. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಸುಮಾರಿಗೆ ಹಂಪಿಯಲ್ಲಿ ಚಿತ್ರಗಳನ್ನು ತೆಗೆದರು. ಮೇಣ ಸವರಿದ ದೊಡ್ಡ ಕಾಗದಗಳೇ ಅವರ ನೆಗೆಟಿವ್‌ಗಳು. ಹಂಪಿಯ ಬಿಸಿಲಿನಲ್ಲಿ ಅಂಥ ಕಾಗದವನ್ನು ಸಿದ್ಧಪಡಿಸಿ, ಬೆಳಕಿಗೊಡ್ಡಿ, ಕೆಡದಂತೆ ಕಾಯ್ದುಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಇಂದಿನ ಮೊಬೈಲ್ ಛಾಯಾಗ್ರಾಹಕರು ಊಹಿಸುವುದೂ ಕಷ್ಟ.

ಆ ಚಿತ್ರಗಳು ಇಂದು ಬರಿಯ ಸುಂದರ ಚಿತ್ರಗಳಾಗಿ ಉಳಿದಿಲ್ಲ. ವಿಠ್ಠಲ ದೇವಾಲಯದ ಪ್ರಸಿದ್ಧ ಕಲ್ಲಿನ ರಥದ ಮೇಲೆ ಒಂದು ಕಾಲದಲ್ಲಿ ಇಟ್ಟಿಗೆಯ ಶಿಖರವಿತ್ತು. ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಇಂದಿನ ರಥದ ಮೇಲೆ ಅದಿಲ್ಲ. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತಿದ್ದ ಜಾಗಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಸುಮಾರು 127 ವರ್ಷಗಳಲ್ಲಿ ಏನು ಬಿತ್ತು, ಏನು ಉಳಿಯಿತು ಎಂಬ ಲೆಕ್ಕ ಕಣ್ಣಿಗೆ ಸಿಗುತ್ತದೆ. ಎಲ್ಲಿ, ಯಾವಾಗ, ಯಾವ ದಿಕ್ಕಿನಿಂದ ತೆಗೆದದ್ದು ಎಂಬುದು ತಿಳಿದಿದ್ದರಿಂದಲೇ ಈ ಹೋಲಿಕೆ ಸಾಧ್ಯವಾಯಿತು.

ಗಣಿ ಗೋಪುರಗಳಿಗೆ ಮಾನ ತಂದ ದಂಪತಿ

ದೇವಾಲಯದ ಅವಶೇಷಕ್ಕೆ ದೊರೆತ ಈ ಗೌರವ ಗಣಿ, ಕುಲುಮೆ, ನೀರಿನ ಟ್ಯಾಂಕುಗಳಿಗೆ ಸಿಕ್ಕಿದ್ದು ಬಹಳ ತಡವಾಗಿ. ಅದರ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಜರ್ಮನಿಯ ಬರ್ನ್ಡ್ ಬೆಕರ್ ಹಾಗೂ ಹಿಲ್ಲಾ ಬೆಕರ್ ದಂಪತಿಗೆ ಸಲ್ಲಬೇಕು. 1959ರಲ್ಲಿ ಜತೆಗೂಡಿ ಕೆಲಸ ಆರಂಭಿಸಿದ ಇವರು ಮುಚ್ಚುತ್ತಿದ್ದ ಗಣಿಗಳ ಗೋಪುರಗಳು, ಊದುಕುಲುಮೆಗಳು, ಅನಿಲ ಸಂಗ್ರಹಾಗಾರಗಳ ಚಿತ್ರಗಳನ್ನು ದಶಕಗಳ ಕಾಲ ತೆಗೆದರು.

ಅವರ ಶಿಸ್ತು ಗಮನಿಸುವಂಥದ್ದು. ಮೋಡ ಕವಿದ ದಿನ, ನೆರಳಿಲ್ಲದ ಸಮ ಬೆಳಕು, ನೇರ ಎದುರಿನ ನೋಟ, ಕಪ್ಪು ಬಿಳುಪು, ಮನುಷ್ಯರಿಲ್ಲದ ಚೌಕಟ್ಟು. ಒಂದೇ ಬಗೆಯ ಹಲವು ಗೋಪುರಗಳ ಚಿತ್ರಗಳನ್ನು ಸಾಲುಸಾಲಾಗಿ ಜೋಡಿಸಿ ಅವರು ಪ್ರದರ್ಶಿಸುತ್ತಿದ್ದರು. ದೂರದಿಂದ ಒಂದೇ ತೆರನಾಗಿ ಕಾಣುವ ಗೋಪುರಗಳು ಹತ್ತಿರ ಹೋದಂತೆ ಬೇರೆ ಬೇರೆ ಮುಖಗಳಾಗುತ್ತವೆ. 1970ರಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರೇ ‘ಅನಾಮಿಕ ಶಿಲ್ಪಗಳು’ ಎಂಬ ಅರ್ಥದ್ದು. 1990ರ ವೆನಿಸ್ ಬಿಯನಾಲೆಯಲ್ಲಿ ಈ ಛಾಯಾಗ್ರಾಹಕರಿಗೆ ಪ್ರಶಸ್ತಿ ಬಂದಿದ್ದು ಶಿಲ್ಪಕಲೆಯ ವಿಭಾಗದಲ್ಲಿ!

ಡಾರ್ಟ್‌ಮಂಡ್ ನಗರದ ಝೋಲರ್ನ್ ಗಣಿಯ ಯಂತ್ರಗೃಹವನ್ನು ಕೆಡವುವ ಸಂದರ್ಭ ಬಂದಾಗ ಅದರ ವಿರುದ್ಧ ದನಿಯೆತ್ತಿದವರಲ್ಲಿ ಬೆಕರ್ ದಂಪತಿಯೂ ಇದ್ದರು. 1969ರಲ್ಲಿ ಆ ಕಟ್ಟಡಕ್ಕೆ ರಕ್ಷಣೆ ದೊರೆಯಿತು. ಇಂದು ಅಲ್ಲಿ ವಸ್ತುಸಂಗ್ರಹಾಲಯವಿದೆ. ಎಸ್ಸೆನ್ ನಗರದ ಝೋಲ್‌ಫೆರೈನ್ ಗಣಿ 1986ರಲ್ಲಿ ಮುಚ್ಚಿ, 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕೋಲಾರದ ಗಣಿ ಮುಚ್ಚಿದ್ದೂ ಅದೇ ವರ್ಷ ಎಂಬುದು ಕಾಕತಾಳೀಯವಾದರೂ ಯೋಚನೆಗೆ ಹಚ್ಚುವ ಸಂಗತಿ.

ಚೆಲುವಿನ ಹಿಂದೆ ಯಾರಿದ್ದಾರೆ?

ಇಲ್ಲೊಂದು ಗಂಭೀರ ಆಕ್ಷೇಪವಿದೆ. ಅದು ಜೋರಾಗಿ ಕೇಳಿಬಂದದ್ದು ಅಮೆರಿಕದ ಡೆಟ್ರಾಯಿಟ್ ನಗರದಿಂದ. ಕಾರು ಉದ್ಯಮದ ಈ ರಾಜಧಾನಿಯಲ್ಲಿ 1950ರಲ್ಲಿ ಸುಮಾರು 18.5 ಲಕ್ಷ ಜನರಿದ್ದರು; 2010ರ ಹೊತ್ತಿಗೆ ಉಳಿದವರು ಸುಮಾರು 7.1 ಲಕ್ಷ. ಖಾಲಿಯಾದ ಕಾರ್ಖಾನೆ, ಚಿತ್ರಮಂದಿರ, ಶಾಲೆಗಳನ್ನು ಹುಡುಕಿಕೊಂಡು ಛಾಯಾಗ್ರಾಹಕರು ದಂಡುದಂಡಾಗಿ ಬಂದರು. ಆ ಚಿತ್ರಗಳು ದುಬಾರಿ ಪುಸ್ತಕಗಳೂ ಆದವು. ಆದರೆ ಆ ಊರಿನಲ್ಲಿ ಇನ್ನೂ ಬದುಕುತ್ತಿದ್ದ ಲಕ್ಷಾಂತರ ಜನ ಆ ಚಿತ್ರಗಳಲ್ಲಿ ಕಾಣಿಸಲೇ ಇಲ್ಲ. ಕೆಲಸ ಕಳೆದುಕೊಂಡವರ ನೋವನ್ನು ಕಣ್ಣಿನ ಹಬ್ಬವಾಗಿಸುವುದು ಸರಿಯೇ ಎಂದು ಸ್ಥಳೀಯರು ಪ್ರಶ್ನಿಸಿದರು. 1988ರಲ್ಲಿ ರೈಲು ನಿಂತುಹೋಗಿದ್ದ ಅಲ್ಲಿನ ಮಿಷಿಗನ್ ಸೆಂಟ್ರಲ್ ನಿಲ್ದಾಣ ಪಾಳು ನಗರದ ಸಂಕೇತವಾಗಿ ಜಗತ್ತನ್ನೆಲ್ಲ ಸುತ್ತಿತು. ಫೋರ್ಡ್ ಕಂಪನಿ 2018ರಲ್ಲಿ ಅದನ್ನು ಕೊಂಡು ದುರಸ್ತಿ ಮಾಡಿಸಿತು. 2024ರಲ್ಲಿ ಅದು ಮತ್ತೆ ಜನರಿಗೆ ತೆರೆಯಿತು. ಮುಗಿದೇಹೋಯಿತೆಂದು ಚಿತ್ರಗಳು ಸಾರಿದ ಕಥೆ ಮುಗಿದಿರಲಿಲ್ಲ.

ಈ ಪ್ರಶ್ನೆ ಕೋಲಾರಕ್ಕೂ ಅನ್ವಯಿಸುತ್ತದೆ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಬೆಳೆದ ಈ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. 120 ವರ್ಷಗಳಲ್ಲಿ ಇಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಅದನ್ನು ತೆಗೆದವರಲ್ಲಿ ಬಹುಪಾಲು ಜನ ತಮಿಳು ಸೀಮೆಯಿಂದ ಬಂದ ಬಡ ದಲಿತ ಕುಟುಂಬಗಳವರು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂಡಿ ಬರುವ ಸಿಲಿಕೋಸಿಸ್ ಅವರಲ್ಲಿ ಅನೇಕರನ್ನು ಕಾಡಿತು. ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗತೊಡಗಿದರು. ಆ ಓಡಾಟ ಇಂದಿಗೂ ನಿಂತಿಲ್ಲ.

2018ರ ‘ಕೆಜಿಎಫ್’ ಚಿತ್ರದ ಬಳಿಕ ಹೆಚ್ಚು ಪ್ರಸಿದ್ಧವಾದ ಸಯನೈಡ್ ದಿಬ್ಬಗಳ ಕಥೆಯೂ ಇಂಥದ್ದೇ. ಅದಿರನ್ನು ಪುಡಿ ಮಾಡಿ, ಸಯನೈಡ್ ದ್ರಾವಣದಿಂದ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಮರಳು ಅದು. ಮಳೆ ನೀರು ಕೊರೆದ ಅದರ ಮಡಿಕೆಗಳು ಚಿತ್ರದಲ್ಲಿ ಮರುಭೂಮಿಯಂತೆ ಮನಮೋಹಕ. ಗಾಳಿ ಬೀಸುವ ದಿನ ಅದೇ ಮರಳಿನ ಧೂಳು ಸುತ್ತಲಿನ ಮನೆಗಳ ಅಡುಗೆಮನೆಗೆ ನುಗ್ಗುತ್ತದೆ. ಚಿತ್ರಕ್ಕೆ ಧೂಳಿನ ವಾಸನೆ ಇರುವುದಿಲ್ಲ, ಕೆಮ್ಮಿನ ಸದ್ದೂ ಇರುವುದಿಲ್ಲ.

ಎರಡು ಬಗೆಯ ಸವೆತ

ಹಾಗೆಂದು ಹಳತರ ಚೆಲುವನ್ನು ನೋಡುವುದೇ ತಪ್ಪೆಂದು ಹೇಳಲಾಗದು. ಸವೆತದಲ್ಲಿ ಎರಡು ಬಗೆ ಇರುವುದನ್ನು ಅರಿತರೆ ಸಾಕು. ತಲೆಮಾರುಗಳ ಪಾದ ತಗುಲಿ ನಯವಾದ ಹೊಸ್ತಿಲು, ರುಬ್ಬಿ ರುಬ್ಬಿ ಗುಳಿಬಿದ್ದ ಒರಳುಕಲ್ಲು, ಹಿಡಿದ ಕಡೆಯಲ್ಲಷ್ಟೇ ಹೊಳೆಯುವ ಹಿತ್ತಾಳೆಯ ಚಿಲಕ, ಇವು ಬಳಕೆಯ ಸವೆತ. ಇಲ್ಲಿ ವಸ್ತು ಸವೆದಿರುವುದೇ ಅದು ಬಾಳಿದ್ದಕ್ಕೆ ಸಾಕ್ಷಿ. ಸೂರು ಬಿದ್ದ ಶಾಲೆ, ತುಕ್ಕು ತಿಂದ ಗಣಿ ಗೋಪುರ ಇವು ಉಪೇಕ್ಷೆಯ ಸವೆತ. ಇಲ್ಲಿ ಯಾವುದೋ ಒಂದು ನಿರ್ಧಾರ, ಯಾವುದೋ ಒಂದು ನಷ್ಟ ಅಡಗಿರುತ್ತದೆ. ಮೊದಲನೆಯದು ಸುಮ್ಮನೆ ಮೆಚ್ಚಿಕೊಳ್ಳಲು ಬಿಡುತ್ತದೆ. ಎರಡನೆಯದು ‘ಹೀಗೇಕಾಯಿತು’ ಎಂದು ಕೇಳುವಂತೆ ಮಾಡುತ್ತದೆ. ಆ ಪ್ರಶ್ನೆಯನ್ನು ಅಳಿಸದೆ ಉಳಿಸಿಕೊಂಡ ಚಿತ್ರ ಮಾತ್ರ ಕ್ಯಾಲೆಂಡರಿನ ಆಚೆಗೂ ಬಾಳುತ್ತದೆ.

ಇದಕ್ಕೆ ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ಚಿತ್ರದ ಜತೆಗೆ ದಿನಾಂಕ, ಸ್ಥಳ, ನಿಂತ ದಿಕ್ಕು ಬರೆದಿಡಬೇಕು. ಹತ್ತಿರದ ನೋಟದ ಜತೆಗೆ ಇಡೀ ಕಟ್ಟಡ ಕಾಣುವ ಒಂದು ಚಿತ್ರವೂ ಇರಲಿ. ಇಲ್ಲದ ಕೆಂಪನ್ನು ಕಂಪ್ಯೂಟರಿನಲ್ಲಿ ತುಂಬುವುದು ಬೇಡ. ತುಕ್ಕಿನ ಬಣ್ಣ ಅದರ ವಯಸ್ಸನ್ನೂ ಸ್ಥಿತಿಯನ್ನೂ ಹೇಳುವ ಮಾಹಿತಿ. ಅಕ್ಕಪಕ್ಕದವರನ್ನು ಮಾತನಾಡಿಸಿ ಆ ವಸ್ತುವಿನ ಹೆಸರು, ಉಪಯೋಗ ಕೇಳಿಕೊಳ್ಳಬೇಕು. ಮುಚ್ಚಿದ ಗಣಿಯ ಆವರಣಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಕಾನೂನಿಗೂ ಜೀವಕ್ಕೂ ಒಳ್ಳೆಯದಲ್ಲ.

ಕೋಲಾರದ ಮಟ್ಟಿಗೆ ಈ ಕೆಲಸಕ್ಕೆ ಅವಸರವೂ ಇದೆ. ಹದಿಮೂರು ದಿಬ್ಬಗಳಲ್ಲಿರುವ ಸುಮಾರು 3.3 ಕೋಟಿ ಟನ್ ಮರಳಿನಿಂದ ಅಳಿದುಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಆ ಕೆಲಸ ನಡೆದರೆ ಊರಿನವರಿಗೆ ಉದ್ಯೋಗ ಸಿಗಬಹುದು, ಧೂಳೂ ತಗ್ಗಬಹುದು; ಛಾಯಾಗ್ರಾಹಕರ ಪ್ರೀತಿಯ ಭೂದೃಶ್ಯ ಮಾತ್ರ ಉಳಿಯದು. ಅದಕ್ಕಾಗಿ ದಿಬ್ಬಗಳು ಹಾಗೇ ಇರಲಿ ಎಂದು ಕೇಳುವ ಹಕ್ಕು ದೂರದಿಂದ ಬಂದ ಛಾಯಾಗ್ರಾಹಕರಿಗಿಲ್ಲ. ಗೋಪುರಗಳ ವಿಷಯ ಬೇರೆ. ಅವುಗಳಲ್ಲಿ ಒಂದೆರಡನ್ನಾದರೂ ತುಕ್ಕು ತಡೆದು, ಅವುಗಳಡಿಯಲ್ಲಿ ದುಡಿದವರ ಹೆಸರು ಬರೆಸಿ ಕಾಪಾಡಿದರೆ ಯಾರಿಗೂ ನಷ್ಟವಿಲ್ಲ. ಯಾವುದನ್ನು ಕಾಪಾಡಬೇಕೆಂದು ತೀರ್ಮಾನಿಸುವ ದಿನ ಬಂದರೆ, ದಿನಾಂಕ ಮತ್ತು ವಿಳಾಸ ಬರೆದಿಟ್ಟ ಚಿತ್ರಗಳು ಅಲ್ಲಿ ದಾಖಲೆಯಾಗಿ ಕೆಲಸಕ್ಕೆ ಬರುತ್ತವೆ.