ಅಡ್ರಿನಲಿನ್ ಮೊದಲೇಕೆ?

ಕಣಜವು ಕುಟುಕಿದ ಕೆಲವೇ ನಿಮಿಷಗಳೊಳಗಾಗಿ ಮೈಯೆಲ್ಲ ದದ್ದೆದ್ದು, ಗಂಟಲು ಬಾತು, ರಕ್ತದೊತ್ತಡವು ಕುಸಿದು ಮನುಷ್ಯನು ಸಾಯುವುದುಂಟು. ಈ ವಿಕಾರಕ್ಕೆ 1902ರಲ್ಲಿ ಪೋರ್ತಿಯೆ ಮತ್ತು ರಿಷೆ ಎಂಬ ಫ್ರೆಂಚ್ ವಿದ್ವಾಂಸರು ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು. ಇದಕ್ಕೆ ಮೊದಲ ಮದ್ದು ಅಡ್ರಿನಲಿನ್; ಹಿಗ್ಗಿದ ರಕ್ತನಾಳಗಳನ್ನು ಬಿಗಿಸಿ ಶ್ವಾಸನಾಳಗಳನ್ನು ಸಡಿಲಿಸುವುದು ಅದೊಂದೇ. ಹೀಗಿದ್ದರೂ ಕೆಲವು ವೈದ್ಯರು, ಹೃದಯಕ್ಕೆ ಕೇಡಾದೀತೆಂದು ಅಳುಕಿ, ಹಿಸ್ಟಮಿನ್ ನಿರೋಧಕವನ್ನೋ ಸ್ಟೀರಾಯ್ಡನ್ನೋ ಮುಂದಾಗಿ ಕೊಡುವರು. ಹಿಸ್ಟಮಿನ್ ನಿರೋಧಕವು ತುರಿಕೆಯನ್ನು ತಗ್ಗಿಸೀತೇ ಹೊರತು ಉಸಿರನ್ನು ಉಳಿಸದು. ಸ್ಟೀರಾಯ್ಡು ಫಲಕೊಡಲು ಗಂಟೆಗಳೇ ಬೇಕು. ಅಳುಕು ನಿರಾಧಾರವೇನಲ್ಲ: ರಕ್ತನಾಳದೊಳಕ್ಕೆ ನೇರವಾಗಿ ಮಿತಿಮೀರಿ ಹೋದರೆ ಹೃದಯದ ಗತಿ ಕೆಡುವುದು ದಿಟ. ಆದರೆ ಪ್ರಾಯಸ್ಥರಿಗೆ ಅರ್ಧ ಮಿಲಿಗ್ರಾಂ ಮದ್ದನ್ನು ತೊಡೆಯ ಹೊರಮಗ್ಗುಲ ಸ್ನಾಯುವಿಗೆ ಚುಚ್ಚಿದಾಗ ಆ ಭಯವು ಅತ್ಯಲ್ಪ. ತಡಮಾಡುವುದರಿಂದಾಗುವ ಹಾನಿಯೇ ಹೆಚ್ಚು. ಗುಣಕಾಣದಿದ್ದರೆ 5 ನಿಮಿಷ ಬಿಟ್ಟು ಮತ್ತೊಮ್ಮೆ ಕೊಡತಕ್ಕದ್ದು.