ಪ್ರವಾಹದ ಮನವರಿತ ಯಾನ

ಮಧ್ಯಾಹ್ನದ ಬಿಸಿಲಿನಲ್ಲಿ ಹದ್ದೊಂದು ರೆಕ್ಕೆ ಬಡಿಯದೆ ಬಹಳ ಹೊತ್ತು ಆಕಾಶದಲ್ಲಿ ತೇಲುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದು ಗಾಳಿಯೊಡನೆ ಸೆಣಸುವುದಿಲ್ಲ. ಬಿಸಿಗಾಳಿ ಎಲ್ಲಿ ಮೇಲೇಳುವುದೆಂದು ಅರಿತು ಅದಕ್ಕೆ ತನ್ನ ಭಾರವನ್ನು ಒಪ್ಪಿಸುತ್ತದೆ. ಸಾಗರದೊಳಗೆ ಸುಮಾರಾಗಿ ಹೀಗೆಯೇ ಸಂಚರಿಸುವ ಯಂತ್ರವೊಂದಿದೆ. ಅದರ ಹೆಸರು ಗ್ಲೈಡರ್. ಅದನ್ನು ಕಡಲಿಗೆ ಇಳಿಸುವ ಮುನ್ನ ನಡೆಯಬೇಕಾದ ಸಿದ್ಧತೆಯ ವಿಚಾರವನ್ನು ಈ ಕೆಲವು ನಿಮಿಷಗಳಲ್ಲಿ ತಮ್ಮ ಮುಂದಿಡುತ್ತೇನೆ.

ಗ್ಲೈಡರ್ ಎಂದರೆ ಎರಡು ಚಿಕ್ಕ ರೆಕ್ಕೆಗಳುಳ್ಳ, ಆಳುದ್ದದ ಹಳದಿ ಕೊಳವೆ. ತೂಕ ಸುಮಾರು 60 ಕಿಲೋಗ್ರಾಂ. ಮೂತಿಯೊಳಗೆ ಸ್ವಲ್ಪ ನೀರನ್ನು ಎಳೆದುಕೊಂಡರೆ ಅದು ಭಾರವಾಗಿ ಇಳಿಯುತ್ತದೆ. ಹೊರಚೆಲ್ಲಿದರೆ ಹಗುರಾಗಿ ಏರುತ್ತದೆ. ಈ ಏರಿಳಿತವನ್ನು ರೆಕ್ಕೆಗಳು ಮುನ್ನಡೆಯಾಗಿ ಮಾರ್ಪಡಿಸುತ್ತವೆ. ನೀರಿನ ಉಷ್ಣತೆಯನ್ನೂ ಲವಣಾಂಶವನ್ನೂ ಅಳೆಯುತ್ತ, ಆಗಾಗ ಮೇಲೆದ್ದು ಉಪಗ್ರಹದ ಮೂಲಕ ವರದಿಯೊಪ್ಪಿಸಿ, ಹೊಸ ಅಪ್ಪಣೆ ಪಡೆದು ಮತ್ತೆ ಮುಳುಗುತ್ತದೆ. ವೇಗ ಗಂಟೆಗೆ ಒಂದು ಕಿಲೋಮೀಟರಿನ ಆಸುಪಾಸು.

ಇದು ಮೊದಲು ಲೋಕಕ್ಕೆ ಪರಿಚಯವಾದದ್ದು ಬಹುಮಟ್ಟಿಗೆ ಕಥೆಯ ರೂಪದಲ್ಲಿ. 1989ರಲ್ಲಿ ಸಾಗರವಿಜ್ಞಾನಿ ಹೆನ್ರಿ ಸ್ಟೊಮೆಲ್, ತಾವು 2021ರಲ್ಲಿ ಕುಳಿತು ಹಿಂದಿರುಗಿ ನೋಡುತ್ತಿರುವಂತೆ ಒಂದು ಲೇಖನ ಬರೆದರು. ಆ ಕಲ್ಪನೆಗೆ ದೇಹ ಕೊಟ್ಟವರು ಎಂಜಿನಿಯರ್ ಡಗ್ಲಸ್ ವೆಬ್. ಒಂಟಿಯಾಗಿ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ 1898ರಲ್ಲಿ ಮರಳಿದ ಜೋಶುವಾ ಸ್ಲೋಕಮ್‌ನ ಹೆಸರನ್ನೇ ಆ ಯಂತ್ರಕ್ಕಿಟ್ಟರು.

ಸಿದ್ಧತೆಯಲ್ಲಿ ಮೊದಲನೆಯದು ತೂಕದ ಹದ. ಕಡಲ ನೀರು ಸಿಹಿನೀರಿಗಿಂತ ಭಾರ. ಅಪ್ಪಟ ಉಪ್ಪುನೀರಿಗೆ ಹೊಂದಿಸಿದ ಗ್ಲೈಡರ್, ನದಿಯ ಸಿಹಿನೀರಿಗೆ ಬಂದರೆ ಸುಮಾರು ಒಂದೂವರೆ ಕಿಲೋಗ್ರಾಂನಷ್ಟು ಹೆಚ್ಚು ಭಾರವಾದಂತೆ ವರ್ತಿಸುತ್ತದೆ. ಅದರ ಪಂಪು ಸರಿದೂಗಿಸಬಲ್ಲದ್ದು ಹೆಚ್ಚೆಂದರೆ ಅರ್ಧ ಕಿಲೋಗ್ರಾಂ. ಆಗ ಅದು ಮೇಲೇಳಲಾರದು. ಆದುದರಿಂದ ಹೋಗಲಿರುವ ಕಡಲಿನ ಉಪ್ಪನ್ನು ಮೊದಲೇ ತಿಳಿದು, ತೊಟ್ಟಿಯಲ್ಲಿ ತೇಲಿಸಿ, ಗ್ರಾಂ ಲೆಕ್ಕದಲ್ಲಿ ಸೀಸದ ತುಂಡುಗಳನ್ನು ಹೊಂದಿಸುತ್ತಾರೆ.

ಎರಡನೆಯದು ಬುತ್ತಿ. ಬ್ಯಾಟರಿಯೇ ಇಲ್ಲಿ ಬುತ್ತಿ. ಪ್ರತಿಯೊಂದು ಅಳತೆ, ಪ್ರತಿಯೊಂದು ಸಂದೇಶ ಅದರಲ್ಲಿ ಒಂದೊಂದು ತುತ್ತು. ಎಲ್ಲವನ್ನೂ ಅಳೆಯಬೇಕೆಂಬ ಆಸೆಗೆ ಇಲ್ಲಿ ಕಡಿವಾಣ ಬೇಕು.

ಮೂರನೆಯದು ದಾರಿ. ಅಟ್ಲಾಂಟಿಕ್ಕಿನ ಗಲ್ಫ್ ಸ್ಟ್ರೀಮ್ ಪ್ರವಾಹ ಕೆಲವೆಡೆ ಗ್ಲೈಡರಿನ ಐದಾರು ಪಟ್ಟು ವೇಗದಲ್ಲಿ ಹರಿಯುತ್ತದೆ. ಎದುರು ಈಜಿದರೆ ಬುತ್ತಿ ಮುಗಿಯುವುದೇ ಹೊರತು ದಾರಿ ಸವೆಯದು. ಯಾವ ಸುಳಿಯ ಯಾವ ಅಂಚನ್ನು ಹಿಡಿದರೆ ನೀರೇ ಹೊತ್ತೊಯ್ಯುವುದೆಂದು ಉಪಗ್ರಹದ ಚಿತ್ರಗಳಿಂದ ಓದಿಕೊಳ್ಳಬೇಕು.

ಇಷ್ಟಾದರೂ ಕಡಲು ಕಡಲೇ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯ 2008ರಲ್ಲಿ ಅಟ್ಲಾಂಟಿಕ್ ದಾಟಲು ಕಳುಹಿಸಿದ ಗ್ಲೈಡರ್ ಅಜೋರ್ಸ್ ದ್ವೀಪಗಳ ಬಳಿ ಕಳೆದುಹೋಯಿತು. ಅಧ್ಯಾಪಕರೂ ವಿದ್ಯಾರ್ಥಿಗಳೂ ಧೃತಿಗೆಡಲಿಲ್ಲ. 2009ರ ಏಪ್ರಿಲ್ 27ರಂದು ನ್ಯೂಜೆರ್ಸಿಯ ತೀರದಾಚೆ 'ಸ್ಕಾರ್ಲೆಟ್ ನೈಟ್' ಎಂಬ ಇನ್ನೊಂದನ್ನು ಇಳಿಸಿದರು. ಮೈಗೆ ಚಿಪ್ಪುಜೀವಿಗಳು ಅಂಟಿ ಬೆಳೆದರೂ ಅದು ನಡೆಯಿತು. 221 ದಿನಗಳಲ್ಲಿ 7,400 ಕಿಲೋಮೀಟರುಗಳನ್ನು ಮೀರಿ ಸಾಗಿ, ಡಿಸೆಂಬರ್ 4ರಂದು ಸ್ಪೇನಿನ ಕಡಲಲ್ಲಿ ಕಾದಿದ್ದವರ ಕೈಸೇರಿತು. ಅದನ್ನು ಸ್ವಾಗತಿಸಿದ ಬಯೋನಾ ಪಟ್ಟಣವೇ 1493ರಲ್ಲಿ ಕೊಲಂಬಸನ 'ಪಿಂಟಾ' ಹಡಗು ಮರಳಿ ಬಂದು ತಂಗಿದ ರೇವು.

ಇಂತಹ ಸಾಹಸದ ಫಲ ನಮಗೂ ದೂರದ್ದಲ್ಲ. 2016ರ ಮುಂಗಾರಿನಲ್ಲಿ ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳು 'ಸಿಂಧು ಸಾಧನಾ' ನೌಕೆಯಲ್ಲಿ ಹೋಗಿ ಬಂಗಾಳ ಕೊಲ್ಲಿಯಲ್ಲಿ ಗ್ಲೈಡರುಗಳನ್ನು ಇಳಿಸಿ, ಮಳೆಯ ಬೆನ್ನಹಿಂದಿರುವ ಕಡಲಿನ ಕಾವನ್ನು ಅಳೆದರು.

ಗಂಟೆಗೊಂದು ಕಿಲೋಮೀಟರ್ ಸಾಗುವ ಬಡಪಾಯಿ ಯಂತ್ರ ಮಹಾಸಾಗರವನ್ನು ದಾಟಿದ್ದು ಅದನ್ನು ಗೆದ್ದಲ್ಲ. ಎಲ್ಲಿ ತಾನು ನಡೆಯಬೇಕು, ಎಲ್ಲಿ ನೀರಿಗೆ ತನ್ನನ್ನು ಒಪ್ಪಿಸಬೇಕು ಎಂಬ ವಿವೇಕವನ್ನು ಅದರ ಪಯಣದುದ್ದಕ್ಕೂ ದಡದ ಮೇಲೆ ಕೆಲವರು ಎಚ್ಚರವಿದ್ದು ಕಾಯುತ್ತಿದ್ದರು.