ಬ್ಯಾನರ್ ಫೈಲ್ ಪ್ರಿಂಟ್ ಆಗುತ್ತಿಲ್ಲವೇಕೆ?

ಪ್ರಶ್ನೆ: 20 ಅಡಿ ಅಗಲ, 10 ಅಡಿ ಎತ್ತರದ ಬ್ಯಾನರನ್ನು ಫೋಟೋಶಾಪಿನಲ್ಲಿ 300 ಡಿಪಿಐಗೆ ಮಾಡಿದ್ದೇನೆ. ಪ್ರಿಂಟಿಂಗ್ ಅಂಗಡಿಯಲ್ಲಿ ಫೈಲ್ ತೆರೆಯುವುದೇ ಇಲ್ಲ. ಏಕೆ?

ಉತ್ತರ: ಲೆಕ್ಕ ಹಾಕಿ ನೋಡಿ. ಅಗಲವೇ 72,000 ಪಿಕ್ಸೆಲ್! ಸಿಎಂವೈಕೆಯಲ್ಲಿ ಒಂದೇ ಲೇಯರ್ 10 ಜಿಬಿ ದಾಟುತ್ತದೆ. ಪಿಎಸ್‌ಡಿ ಮಿತಿ 30,000 ಪಿಕ್ಸೆಲ್, 2 ಜಿಬಿ. ಅದಕ್ಕೇ ಫೈಲ್ ದೊಡ್ಡ ಫೈಲ್‌ಗಳಿಗಿರುವ ಪಿಎಸ್‌ಬಿ ರೂಪದಲ್ಲಿ ಸೇವ್ ಆಗಿರುತ್ತದೆ. ಅದನ್ನು ಎಲ್ಲ ಪ್ರಿಂಟಿಂಗ್ ಸಾಫ್ಟ್‌ವೇರ್‌ಗಳೂ ಓದುವುದಿಲ್ಲ.

300 ಡಿಪಿಐ ಬೇಕಾದದ್ದು ಕೈಯಲ್ಲಿ ಹಿಡಿದು ಓದುವ ಲಗ್ನಪತ್ರಿಕೆಗೆ. ರಸ್ತೆಯಾಚೆಯಿಂದ ನೋಡುವ ಬ್ಯಾನರಿಗೆ 72 ಧಾರಾಳ ಸಾಕು. ಗಾತ್ರ ಸುಮಾರು 600 ಎಂಬಿಗೆ ಇಳಿಯುತ್ತದೆ. ಮೂಲ ಫೈಲ್ ಜೋಪಾನವಾಗಿರಲಿ. ಅದರ ಒಂದು ಪ್ರತಿ ಮಾಡಿ, ಲೇಯರ್‌ಗಳನ್ನು ಫ್ಲಾಟನ್ ಮಾಡಿ, ಎಲ್‌ಝಡ್‌ಡಬ್ಲ್ಯೂ ಕಂಪ್ರೆಶನ್ ಹಾಕಿ ಟಿಫ್ ಕೊಡಿ. ಹೀಗೆ ಮಾಡಿದರೆ ಅಕ್ಷರಗಳೂ ಚಿತ್ರವಾಗಿಬಿಡುವುದರಿಂದ, ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಕೆಡುವುದಿಲ್ಲ.